ಮಗು ‘ಮೋಸ’ ಅಂದಲ್ಲಿಂದ ಅಳತೆ ಶುರು

ಎಲ್ಲರಿಗೂ ನಮಸ್ಕಾರ.

ಇಷ್ಟು ಮಳೆಯಲ್ಲಿ ಕೊಡೆ ಹಿಡಿದುಕೊಂಡು ಉಡುಪಿವರೆಗೆ ಬಂದಿದ್ದೀರಿ, ಖುಷಿಯಾಯಿತು. ಅಂಗನವಾಡಿ ಟೀಚರ್‌ಗಳು ಇದ್ದೀರಿ, ನಲಿ-ಕಲಿ ತರಗತಿ ನೋಡಿಕೊಳ್ಳುವವರು ಇದ್ದೀರಿ, ಹಿಂದಿನ ಸಾಲಿನಲ್ಲಿ ತಾಯಂದಿರೂ ಇದ್ದೀರಿ. ಕಟಪಾಡಿ, ಶಂಕರಪುರದ ಕಡೆ ಮೂವತ್ತು ವರ್ಷ ಸಣ್ಣ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು. ಇವತ್ತು ಎರಡು ವಿಷಯ ಮಾತಾಡಿ ಅಂದಿದ್ದಾರೆ. ಒಂದು ಅಳತೆ. ಇನ್ನೊಂದು, ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ, ದತ್ತಾಂಶ ನಿರ್ವಹಣೆ, ಅಂದರೆ ಮಾಹಿತಿ ಸೇರಿಸಿ, ಜೋಡಿಸಿ, ಓದುವುದು. ಪುಸ್ತಕದಲ್ಲಿ ಇವು ಬೇರೆ ಬೇರೆ ಪಾಠ. ನನಗೆ ಇವೆರಡೂ ಒಂದೇ ಪಾಠ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮಕ್ಕಳ ಆಟ ನೋಡಿ. ಚಿನ್ನಿದಾಂಡಿನಲ್ಲಿ ಚಿನ್ನಿ ಎಷ್ಟು ದೂರ ಹೋಗಿ ಬಿತ್ತು ಅಂತ ಅಳೆಯುವುದು ಯಾವುದರಲ್ಲಿ? ದಾಂಡಿನಲ್ಲೇ, ಅಲ್ವಾ? ಗೋಲಿ ಆಟದಲ್ಲಿ ಗೇಣು ಹಾಕುತ್ತಾರೆ. ದೊಡ್ಡ ಕೈಯ ಹುಡುಗ ಗೇಣು ಹಾಕಿದ ಕೂಡಲೇ ಸಣ್ಣ ಕೈಯವನು ಕೂಗುತ್ತಾನೆ, “ಮೋಸ!” ಬೆರಳು ಎತ್ತಿ ಸ್ವಲ್ಪ ಮುಂದೆ ಇಟ್ಟರೂ “ಮೋಸ!” ಗೆರೆ ಬಿಟ್ಟು ಮುಂದಿನಿಂದ ಶುರು ಮಾಡಿದರೂ “ಮೋಸ!”

ಈ ಕೂಗನ್ನು ಸ್ವಲ್ಪ ಬಿಡಿಸಿ ನೋಡಿ. ಅಳೆಯುವ ವಸ್ತು ಇಬ್ಬರಿಗೂ ಒಂದೇ ಇರಬೇಕು. ನಡುವೆ ಜಾಗ ಬಿಡಬಾರದು. ಒಂದರ ಮೇಲೊಂದು ಹತ್ತಬಾರದು. ಶುರುವಾಗುವ ಗೆರೆ ಒಂದೇ ಇರಬೇಕು. ನಾವು ಯಾರೂ ಕಲಿಸದೆ ಆರು ವರ್ಷದ ಮಗುವಿಗೆ ಇದೆಲ್ಲ ಗೊತ್ತಿದೆ. ಅಂಗಳದಲ್ಲಿ ಗೊತ್ತಿರುವುದು ತರಗತಿಯೊಳಗೆ ಬಂದ ಕೂಡಲೇ ಯಾಕೆ ಮರೆತುಹೋಗುತ್ತದೆ?

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಮೊದಲ ದಿನವೇ ಸ್ಕೇಲ್ ಕೊಡುತ್ತಿದ್ದೆ. ಒಂದು ಮೀಟರಿಗೆ 100 ಸೆಂಟಿಮೀಟರ್ ಅಂತ ಬೋರ್ಡಿನ ಮೇಲೆ ಬರೆದು ಹತ್ತು ಸಲ ಬರೆಸುತ್ತಿದ್ದೆ. ಮಕ್ಕಳು ಚಂದ ಬರೆದರು. ಆಮೇಲೆ, “ನೀವು ಕೂತಿರುವ ಬೆಂಚು ಎಷ್ಟು ಉದ್ದ ಇರಬಹುದು?” ಅಂತ ಕೇಳಿದೆ. “ನೂರು ಮೀಟರ್ ಟೀಚರೇ” ಅಂದರು. ಮಕ್ಕಳ ತಪ್ಪಲ್ಲ ಅದು. ಸ್ಕೇಲ್ ಯಾಕೆ ಬೇಕು ಅಂತ ಅವರಿಗೆ ಅನ್ನಿಸುವ ಮೊದಲೇ ನಾನು ಕೈಗೆ ಕೊಟ್ಟುಬಿಟ್ಟಿದ್ದೆ.

ಮುಂದಿನ ವರ್ಷ ಸ್ಕೇಲ್ ಕಪಾಟಿನಲ್ಲೇ ಇಟ್ಟೆ. ಬೆಂಚನ್ನು ಗೇಣಿನಲ್ಲಿ ಅಳೆಯಲು ಹೇಳಿದೆ. ಒಬ್ಬಳಿಗೆ ಹನ್ನೊಂದು ಬಂತು, ಇನ್ನೊಬ್ಬನಿಗೆ ಹದಿಮೂರು, ನನಗೆ ಎಂಟು. ಬೆಂಚು ಒಂದೇ, ಲೆಕ್ಕ ಮೂರು. ತರಗತಿ ತುಂಬ ಗಲಾಟೆ. ನಾನು ಸುಮ್ನೆ ಕೂತೆ. ಆ ಗಲಾಟೆಯನ್ನು ಟೀಚರ್ ಬೇಗ ನಿಲ್ಲಿಸಬಾರದು. ಸ್ವಲ್ಪ ಹೊತ್ತಿನಲ್ಲಿ ಅವರೇ ದಾರಿ ಹುಡುಕಿದರು. “ಒಬ್ಬಳ ಗೇಣು ಮಾತ್ರ ಹಿಡಿಯೋಣ.” ಮರುದಿನ ಆ ಹುಡುಗಿ ಬರಲಿಲ್ಲ, ಜ್ವರ. ಗೇಣೂ ಅವಳ ಜೊತೆ ಮನೆಯಲ್ಲೇ ಉಳಿಯಿತು! ಅವತ್ತು ಒಬ್ಬ ಹುಡುಗ, “ಅವಳ ಗೇಣಿನಷ್ಟು ಉದ್ದದ ಕೋಲು ಮುರಿದು ಇಟ್ಟುಕೊಳ್ಳಬೇಕಿತ್ತು” ಅಂದ. ಆಗ ಕಪಾಟು ತೆಗೆದೆ. ಒಂದು ವಾರ ತಡವಾಗಿ ಬಂದ ಸ್ಕೇಲನ್ನು ಮಕ್ಕಳು ಹೇಗೆ ಹಿಡಿದುಕೊಂಡರು ಅಂತ ನೀವು ನೋಡಬೇಕಿತ್ತು.

ದೊಡ್ಡವರೂ ಇದೇ ಜಗಳ ಆಡಿದವರೇ. ನಮ್ಮ ಜಿಲ್ಲೆಯಲ್ಲಿ ಅಕ್ಕಿಯ ಲೆಕ್ಕ ಮುಡಿಯಲ್ಲಿತ್ತು. ಬೈಹುಲ್ಲು ಸುತ್ತಿ ಬಿಗಿದು ಕಟ್ಟಿದ ಮುಡಿ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಅಂದರೆ 42 ಸೇರು. ಗದ್ದೆಯ ಒಡೆಯರಿಗೆ ಗೇಣಿ ಕೊಡುತ್ತಿದ್ದದ್ದೂ ಮುಡಿಯಲ್ಲೇ. ಆದರೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮ ಇರುತ್ತಿರಲಿಲ್ಲ. ಆಗ ಮೋಸ ಹೋಗುತ್ತಿದ್ದದ್ದು ಬಡವರು. ದೇಶಕ್ಕೆಲ್ಲ ಒಂದೇ ಅಳತೆ ಇರಲಿ ಅಂತ 1956ರಲ್ಲಿ ಕಾನೂನು ಬಂತು. ಮೀಟರ್, ಕಿಲೋ, ಲೀಟರ್ ಹಂತ ಹಂತವಾಗಿ ಅಂಗಡಿಗೆ ಬಂದವು. ಮೂರನೇ ತರಗತಿಯವರಿಗೆ ಈ ಕಥೆ ಹೇಳಿ. ಅಜ್ಜಿಯ ಹತ್ತಿರ ಸೇರು, ಪಾವು ಇದ್ದರೆ ತರಲು ಹೇಳಿ. ಅಂಗಡಿಯ ಲೀಟರ್ ಪಕ್ಕ ಇಟ್ಟು ನೀರು ಸುರಿದು ನೋಡಲಿ.

ಈಗ ಸ್ಕೇಲಿನ ಸೊನ್ನೆ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ. ಯಾಕೆಂದರೆ ಐದನೇ ತರಗತಿಗೆ ಹೋದ ಮಕ್ಕಳೂ ಇಲ್ಲಿ ಎಡವುತ್ತಾರೆ. ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆಯ ಗೆರೆಗೆ ಮೊದಲು ಒಂದಿಷ್ಟು ಖಾಲಿ ಅಂಚು ಇರುತ್ತದೆ. ಕೆಲವು ಮಕ್ಕಳು ಆ ಅಂಚಿನಿಂದ ಅಳೆಯುತ್ತಾರೆ. ಕೆಲವರು ಒಂದರಿಂದ. ಎಣಿಸುವುದು ಒಂದರಿಂದ ತಾನೇ ಅಂತ ಅವರ ಲೆಕ್ಕ, ಅದರಲ್ಲಿ ತರ್ಕ ಇದೆ. ನಾನು ಮಾಡುತ್ತಿದ್ದದ್ದು ಇಷ್ಟೇ. ಹಳೆಯ ಮರದ ಸ್ಕೇಲಿನ ಮೊದಲ ಮೂರು ಸೆಂಟಿಮೀಟರ್ ಕತ್ತರಿಸಿ ತೆಗೆದೆ. ಅದರಲ್ಲಿ ಪೆನ್ಸಿಲ್ ಅಳೆಯಲು ಕೊಟ್ಟೆ. ಪೆನ್ಸಿಲ್ ಮೂರರಿಂದ ಹನ್ನೊಂದರವರೆಗೆ ಬಂತು. ಹೆಚ್ಚಿನವರು, “ಹನ್ನೊಂದು!” ಒಬ್ಬ ಹುಡುಗ ಮಾತ್ರ ತಲೆ ಓರೆ ಮಾಡಿ ನೋಡುತ್ತಾ ನಿಂತ. “ಇಲ್ಲ ಟೀಚರೇ. ಓಟದಲ್ಲಿ ಮೂರು ಹೆಜ್ಜೆ ಮುಂದೆ ನಿಂತು ಓಡಿದ ಹಾಗಾಯಿತು. ಮೋಸ.” ಅದಾದ ಮೇಲೆ ನಮ್ಮ ತರಗತಿಯಲ್ಲಿ ಸೊನ್ನೆಗೆ ‘ಓಟದ ಗೆರೆ’ ಅಂತಲೇ ಹೆಸರು. ಒಂದು ಗೆರೆಯಿಂದ ಮುಂದಿನ ಗೆರೆಗೆ ಇರುವ ಜಾಗವನ್ನು ಬೆರಳಿನಿಂದ ಮುಟ್ಟಿ ಎಣಿಸಲಿ. ಗೆರೆಗಳನ್ನೇ ಎಣಿಸಿದರೆ ಒಂದು ಜಾಸ್ತಿ ಬರುತ್ತದೆ.

ತೂಕದ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಎರಡು ತೆಂಗಿನ ಗೆರಟೆ, ಒಂದು ಹ್ಯಾಂಗರ್, ನೂಲು ಇದ್ದರೆ ತಕ್ಕಡಿ ಆಯಿತು. ಒಣಗಿದ ತೆಂಗಿನ ಸಿಪ್ಪೆ ಒಂದು ಕಡೆ, ಹೊಳೆಯ ಸಣ್ಣ ಕಲ್ಲು ಇನ್ನೊಂದು ಕಡೆ. ದೊಡ್ಡದೆಲ್ಲ ಭಾರ ಅಲ್ಲ ಅಂತ ಕೈಗೆ ತಿಳಿಯುತ್ತದೆ.

ದ್ರವದ ಅಳತೆ ಹಾಗಲ್ಲ, ಅಲ್ಲಿ ಕಣ್ಣೇ ನಂಬಿಸಿ ಮೋಸ ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮಕ್ಕಳ ಯೋಚನೆಯನ್ನು ಜೀವನವಿಡೀ ಗಮನಿಸಿದವರು. ಅಗಲ ಲೋಟದ ನೀರನ್ನು ಮಗುವಿನ ಎದುರೇ ಸಪೂರ ಉದ್ದ ಲೋಟಕ್ಕೆ ಸುರಿದು, ಈಗ ಎಲ್ಲಿ ಜಾಸ್ತಿ ಅಂತ ಕೇಳಿದರು. ಸಣ್ಣ ಮಕ್ಕಳು ಉದ್ದ ಲೋಟವನ್ನು ತೋರಿಸುತ್ತಾರೆ. ಸುಮಾರು ಏಳು ವರ್ಷದ ಹೊತ್ತಿಗೆ ‘ಅಷ್ಟೇ ಇದೆ’ ಅನ್ನುವುದು ಗಟ್ಟಿಯಾಗುತ್ತದೆ. ತಾಯಂದಿರೇ, ಮನೆಯಲ್ಲಿ ಮಜ್ಜಿಗೆ ಸುರಿದು ಕೇಳಿ ನೋಡಿ. ಮಗು ‘ಉದ್ದದ್ದರಲ್ಲಿ ಜಾಸ್ತಿ’ ಅಂದರೆ ಬೈಯಬೇಡಿ, ತಿದ್ದಲೂ ಬೇಡಿ. ಲೋಟ ಅದರ ಕೈಗೆ ಕೊಡಿ. ಆಚೆಗೆ ಈಚೆಗೆ ಸುರಿಯಲಿ, ನೆಲ ಒದ್ದೆಯಾದರೆ ಒರೆಸಿದರಾಯಿತು. ಅಡುಗೆಮನೆಯಲ್ಲಿ ಅಳೆಯುವ ಸಣ್ಣ ಪಾತ್ರೆ, ಕುಡ್ತೆ, ಇದ್ದರೆ ದೋಸೆಗೆ ಬೆಳ್ತಿಗೆ ಅಕ್ಕಿ ಅಳೆಯುವ ಕೆಲಸ ಮಗುವಿಗೆ ಬಿಡಿ. ಅಂಚಿಗೆ ಸಮ ಮಾಡಿ ಅಳೆಯುವುದು ಬೇರೆ, ರಾಶಿ ಮಾಡಿ ಅಳೆಯುವುದು ಬೇರೆ ಅಂತ ಎರಡೇ ದಿನದಲ್ಲಿ ಕಂಡುಹಿಡಿಯುತ್ತದೆ.

ಶಂಕರಪುರದ ಮಕ್ಕಳಿಗೆ ಇನ್ನೊಂದು ಭಾಗ್ಯ ಇದೆ, ಮಲ್ಲಿಗೆ. ಬೆಳಿಗ್ಗೆ ಅಮ್ಮ ಬಾಳೆನಾರಿನಲ್ಲಿ ಹೂ ಕಟ್ಟುವುದನ್ನು ನೋಡಿಯೇ ಶಾಲೆಗೆ ಬರುತ್ತವೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. 800ರ ನಾಲ್ಕು ಪಟ್ಟು 3200 ಅಂತ ಮಗ್ಗಿ ಬರದ ಹುಡುಗಿಯೂ ತಟ್ಟನೆ ಹೇಳಿದ್ದಳು. ಅಟ್ಟೆಯ ಆ ದಿನದ ರೇಟು ಅವಳ ಬಾಯಲ್ಲೇ ಇರುತ್ತಿತ್ತು. ಅದನ್ನು ದಿನಾ ಗೋಡೆಯ ಹಾಳೆಯಲ್ಲಿ ಗುರುತು ಹಾಕಿದೆವು. ಒಂದು ದಿನ ಗುರುತು ಮೇಲಕ್ಕೆ ಹಾರಿತು. ಯಾಕೆ ಅಂತ ನಾನು ಕೇಳುವ ಮೊದಲೇ ಅವಳು, “ನಾಳೆ ತುಂಬ ಮದುವೆ ಟೀಚರೇ” ಅಂದಳು. ಅಂಕಿ ಓದುವುದು ಅಂದರೆ ಇದೇ ಅಲ್ವಾ?

ಇಲ್ಲಿಂದ ಮಾಹಿತಿ ಜೋಡಿಸುವ ಪಾಠಕ್ಕೆ ಬಂದೆವು. ನಾನು ಮಾಡಿಸಿದ್ದರಲ್ಲಿ ನನಗೆ ಹೆಚ್ಚು ಕಲಿಸಿದ್ದು ಬೆಂಕಿಪೆಟ್ಟಿಗೆಯ ಪಾಠ. ಖಾಲಿ ಬೆಂಕಿಪೆಟ್ಟಿಗೆಗಳ ಮೇಲೆ ಒಂದೊಂದು ಮಗುವಿನ ಹೆಸರು. ಪ್ರಶ್ನೆ, “ಇವತ್ತು ಬೆಳಿಗ್ಗೆ ಏನು ತಿಂದಿರಿ?” ದೋಸೆ ತಿಂದವರ ಪೆಟ್ಟಿಗೆ ಒಂದರ ಮೇಲೊಂದು, ಇಡ್ಲಿಯವರದ್ದು ಪಕ್ಕದಲ್ಲಿ, ಆಮೇಲೆ ಪುಂಡಿ, ಗಂಜಿ. ಕೂಡಲೇ ಚರ್ಚೆ ಶುರು. ನೀರುದೋಸೆ, ಉದ್ದಿನ ದೋಸೆ ಒಂದೇ ಕಂಬವಾ, ಎರಡಾ? ಚಾ ಮತ್ತು ಬಿಸ್ಕತ್ತು ತಿಂಡಿಯಾ? ಇದನ್ನು ಟೀಚರ್ ತೀರ್ಮಾನ ಮಾಡಬೇಡಿ. ಏನನ್ನು ಯಾವುದರ ಜೊತೆ ಸೇರಿಸುವುದು ಅಂತ ಒಪ್ಪಿಕೊಳ್ಳುವುದೇ ಈ ಪಾಠದ ಅರ್ಧ ಭಾಗ.

ಒಬ್ಬ ಹುಡುಗ ಮನೆಯಿಂದ ದೊಡ್ಡ ಬೆಂಕಿಪೆಟ್ಟಿಗೆ ತಂದಿದ್ದ. ಅದನ್ನು ಇಟ್ಟ ಕೂಡಲೇ ಇಡ್ಲಿಯ ಕಂಬ ದೋಸೆಗಿಂತ ಎತ್ತರವಾಯಿತು. ಎಣಿಸಿದರೆ ಇಡ್ಲಿ ತಿಂದವರು ಕಡಿಮೆ. ಮತ್ತೆ ಅದೇ ಕೂಗು, “ಮೋಸ!” ಗೋಲಿ ಆಟದ ಗೇಣು, ಬೆಂಚಿನ ಗೇಣು, ಈಗ ಬೆಂಕಿಪೆಟ್ಟಿಗೆ. ಎಲ್ಲ ಒಂದೇ ಗಾತ್ರ, ಸಂದು ಬಿಡದೆ, ಒಂದೇ ನೆಲದಿಂದ ಶುರು. ಅಳತೆಯೂ ಮಾಹಿತಿ ಜೋಡಿಸುವುದೂ ಒಂದೇ ಪಾಠ ಅಂತ ಶುರುವಿನಲ್ಲಿ ಹೇಳಿದ್ದು ಇದಕ್ಕೇ.

ಆ ದಿನ ಒಬ್ಬಳು ತನ್ನ ಪೆಟ್ಟಿಗೆ ಕೈಯಲ್ಲೇ ಹಿಡಿದು ನಿಂತಿದ್ದಳು. “ನಾನು ಏನೂ ತಿಂದಿಲ್ಲ. ಎಲ್ಲಿ ಇಡಲಿ?” ನನ್ನ ಪಟ್ಟಿಯಲ್ಲಿ ಅವಳಿಗೆ ಜಾಗ ಇರಲಿಲ್ಲ. ಎಲ್ಲರ ಎದುರು ಆ ಮಾತನ್ನು ಅವಳ ಬಾಯಿಂದ ಹೇಳಿಸಿದ್ದು ನನ್ನ ಪ್ರಶ್ನೆ. ಅಂದಿನಿಂದ ಎರಡು ನಿಯಮ ಪಾಲಿಸಿದೆ. ಮಗುವಿನ ಮನೆಯ ಕಷ್ಟ ಹೊರಗೆ ಬೀಳುವ ಪ್ರಶ್ನೆಯನ್ನು ಕೇಳುವುದಿಲ್ಲ. ಇಷ್ಟದ ಹಣ್ಣು ಯಾವುದು, ಶಾಲೆಗೆ ನಡೆದು ಬಂದಿರಾ ಬಸ್ಸಿನಲ್ಲಾ, ಕೊಡೆಯಾ ರೇನ್‌ಕೋಟಾ, ಇಂಥವು ಎಷ್ಟು ಬೇಕಾದರೂ ಸಿಗುತ್ತವೆ. ಎರಡನೆಯದು, ಯಾವ ಪ್ರಶ್ನೆ ಕೇಳಿದರೂ ‘ಇದ್ಯಾವುದೂ ಅಲ್ಲ’ ಅನ್ನುವವರಿಗೆ ಮೊದಲೇ ಒಂದು ಜಾಗ ಮಾಡಿಡುತ್ತೇನೆ. ದಯವಿಟ್ಟು ನೀವೂ ಹಾಗೆ ಮಾಡಿ.

ಪೆಟ್ಟಿಗೆಯಿಂದ ಗೀಟಿಗೆ ಬರುವುದು ಕಷ್ಟವಲ್ಲ. ಒಬ್ಬರಿಗೊಂದು ಗೀಟು, ನಾಲ್ಕಾದ ಮೇಲೆ ಐದನೆಯದು ಅಡ್ಡ. ಅಲ್ಲಿಂದ ಚೌಕುಳಿ ಹಾಳೆಯಲ್ಲಿ ಬಣ್ಣದ ಕಂಬ. ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದ ಮಗುವಿಗೆ ಒಂದು ಚೌಕ ಅಂದರೆ ಒಬ್ಬ ಗೆಳೆಯ ಅಂತ ಗೊತ್ತಿರುತ್ತದೆ.

ಕೊನೆಗೆ ಮಳೆ. ಕರಾವಳಿಯ ಟೀಚರ್‌ಗೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಬೇರೆ ಇಲ್ಲ. ನೆಟ್ಟಗಿನ ದೊಡ್ಡ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯ ಹಾಗೆ ಕೂರಿಸಿ. ತಳ ಉಬ್ಬುತಗ್ಗು ಇರುವುದರಿಂದ ಸಣ್ಣ ಕಲ್ಲು ಹಾಕಿ, ನೆಟ್ಟಗಿನ ಭಾಗ ಬರುವವರೆಗೆ ನೀರು ತುಂಬಿಸಿ, ಅಲ್ಲಿಗೆ ಓಟದ ಗೆರೆ ಹಾಕಿ. ಮೇಲಕ್ಕೆ ಸೆಂಟಿಮೀಟರ್ ಪಟ್ಟಿ ಅಂಟಿಸಿ. ಮಾಡಿನ ನೀರು, ತೆಂಗಿನ ಮರದ ಹನಿ ಬೀಳದ ಬಯಲಿನಲ್ಲಿ ಇಡಿ. ಹವಾಮಾನ ಇಲಾಖೆ 24 ಗಂಟೆಯ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಲೆಕ್ಕ ಹಾಕುತ್ತದೆ. ನೀವೂ ದಿನಾ ಒಂದೇ ಹೊತ್ತಿಗೆ ನೋಡಿ, ನೀರನ್ನು ಮತ್ತೆ ಗೆರೆಗೆ ಇಳಿಸಿ. ಪಕ್ಕದಲ್ಲೇ ನೆಟ್ಟಗಿನ ಸಪೂರ ಡಬ್ಬಿಯೊಂದನ್ನೂ ಇಡಿ. ಎರಡರಲ್ಲೂ ಎತ್ತರ ಹತ್ತಿರ ಹತ್ತಿರ ಒಂದೇ ಬರುತ್ತದೆ. ಇದು ಹೇಗೆ ಅಂತ ಮಕ್ಕಳು ವಾರಗಟ್ಟಲೆ ಜಗಳ ಆಡುತ್ತಾರೆ. ಆಡಲಿ.

ಒಂದು ದಿನದಲ್ಲಿ 64.5 ಮಿಲಿಮೀಟರ್ ದಾಟಿದರೆ ಇಲಾಖೆಯ ಭಾಷೆಯಲ್ಲಿ ಭಾರಿ ಮಳೆ. 204.4 ದಾಟಿದರೆ, ಅಂದರೆ 20 ಸೆಂಟಿಮೀಟರಿಗಿಂತ ಜಾಸ್ತಿ ಬಂದರೆ, ಅತ್ಯಂತ ಭಾರಿ. ಮಗುವಿನ ಕೈಯಲ್ಲಿರುವ ಸ್ಕೇಲ್ 15 ಸೆಂಟಿಮೀಟರಿನದ್ದು. ಅದನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಇದಕ್ಕಿಂತಲೂ ಮೇಲೆ ನೀರು ಅಂತ ತೋರಿಸಿ. ಜಗಲಿಯಲ್ಲಿ ಒಂದು ಮೀಟರಿನ ಚೌಕ ಬರೆದು, 10 ಸೆಂಟಿಮೀಟರ್ ಮಳೆ ಅಂದರೆ ಇಷ್ಟೇ ಜಾಗಕ್ಕೆ 100 ಲೀಟರ್ ನೀರು ಅಂತ ಹೇಳಿ. ಜೂನ್ 29, ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರು ಹುಟ್ಟಿದ ದಿನ, ರಾಷ್ಟ್ರೀಯ ಸಾಂಖ್ಯಿಕ ದಿನ. ಅಷ್ಟು ಹೊತ್ತಿಗೆ ನಿಮ್ಮ ಗೋಡೆಯಲ್ಲಿ ಮೂರು ವಾರದ ಮಳೆಯ ಕಂಬಗಳು ನಿಂತಿರುತ್ತವೆ.

ಒಂದು ವರ್ಷ ಜುಲೈಯಲ್ಲಿ ಎರಡು ದಿನ ಮಳೆಗೆ ರಜೆ ಕೊಟ್ಟರು. ಮೂರನೆಯ ದಿನ ಮಕ್ಕಳು ಚೀಲ ಇಡುವ ಮೊದಲೇ ಬಾಟಲಿಯ ಹತ್ತಿರ ಓಡಿದರು. ಬಾಯಿಮಟ್ಟ ತುಂಬಿ ಹೊರಗೆ ಚೆಲ್ಲಿತ್ತು. ಪಟ್ಟಿಯಲ್ಲಿ ಇರುವುದು 15ರವರೆಗೆ. ಏನು ಬರೆಯುವುದು? “15 ಬರೆಯೋಣ” ಅಂದ ಒಬ್ಬ. “ಚೆಲ್ಲಿದ್ದು ಎಲ್ಲಿ ಹೋಯಿತು? ಮೋಸ” ಅಂದಳು ಇನ್ನೊಬ್ಬಳು. “ಮತ್ತೆ ಇದು ಒಂದು ದಿನದ್ದಲ್ಲ, ರಜೆಯದ್ದೂ ಸೇರಿದೆ” ಅಂದ ಮೂರನೆಯವನು. ಬಹಳ ಹೊತ್ತು ಮಾತಾಡಿದರು. ಆಮೇಲೆ ರಜೆಯ ದಿನಗಳನ್ನೂ ಸೇರಿಸಿ ಒಂದೇ ಅಗಲ ಕಂಬ ಬರೆದರು. ನೀಲಿ ಬಣ್ಣವನ್ನು ಹಾಳೆಯ ಅಂಚಿನವರೆಗೂ ತುಂಬಿದರು. ಮೇಲಿನ ಗೆರೆಯನ್ನು ಮಾತ್ರ ಎಳೆಯಲಿಲ್ಲ, ತೆರೆದೇ ಬಿಟ್ಟರು.