ಗದ್ದೆ ಬದುವಲ್ಲಿ ಹುಂಡುಕೋಳಿ ಕಾಯ್ತಾ: ಟಕಹೆನಾ, ಕೋಕೋನಾ?

ಇದು ತೀರ್ಥಹಳ್ಳಿ ಹತ್ರ ಮಾವನ ಮನೆ ಗದ್ದೆ. ಆ ಪೊದೆ ಕಾಣ್ತಿದ್ಯಲ್ಲ, ಹುಂಡುಕೋಳಿ, ಅದೇ ಬಿಳಿ ಎದೆಯ ನೀರುಕೋಳಿ, ಅದರೊಳಗೇ ಇದೆ, ಬೆಳಿಗ್ಗೆ ಐದಕ್ಕೆ ಕ್ವಾಕ್ ಕ್ವಾಕ್ ಅಂತ ಎಬ್ಬಿಸಿದ್ದೂ ಅದೇ, ಕ್ಯಾಮೆರಾ ಇಟ್ಟಮೇಲೆ ಉಸಿರಿಲ್ಲ.

ಬರೋವರೆಗೆ ಅದರ ಇಬ್ರು ನೆಂಟರ ಸುದ್ದಿ. ಒಂದು ನ್ಯೂಜಿಲೆಂಡಿನ ಟಕಹೆ. ನಮ್ ಕೆರೆ ನೇರಳೆ ಜಂಬುಕೋಳಿನ ಊದಿಸಿ ಮೂರು ಕೆಜಿ ಮಾಡಿದ ಹಾಗಿದೆ, ಹಾರಕ್ಕೆ ಬರಲ್ಲ, ಹುಲ್ಲಿನ ದಂಟು ಕಾಲಲ್ಲಿ ಹಿಡ್ಕೊಂಡು ಬುಡದ ಕಡೆ ಮಾತ್ರ ಜಗಿಯತ್ತೆ. 1898ರ ಆಮೇಲೆ ಪತ್ತೆನೇ ಇಲ್ಲ, ಮುಗೀತು ಅಂತ ಎಲ್ರೂ ಕೈ ಬಿಟ್ಟಿದ್ರು, 1948ರಲ್ಲಿ ಜೆಫ್ರಿ ಆರ್ಬೆಲ್ ಅನ್ನೋ ಡಾಕ್ಟ್ರು ಮರ್ಚಿಸನ್ ಗುಡ್ಡ ಹತ್ತಿ ನೋಡಿದ್ರೆ ಅಲ್ಲೇ ಇದೆ ಮಾರಾಯ್ರೆ! ನನ್ ಫೇವರಿಟ್ ಇದೇ, ಡೌಟೇ ಇಲ್ಲ.

ಇನ್ನೊಂದು... ಅಯ್ಯೋ, ಈ ಶಾಟ್ ಯಾಕೆ ಮಜ್ಜಿಗೆ ತರ ಇದೆ ಅಂತೀರಾ? ಲೆನ್ಸ್ ಬಾಡಿಗೆದು, ದಿನಕ್ಕೆ 1,200, ಎರಡು ಕೆಜಿ ಅಡಿಕೆ ದುಡ್ಡು ಅದು. ನಮ್ ಮಳೆಗಾಲದ ಥಂಡಿಗೆ ಒಳಗಡೆ ಗಾಜಿಗೇ ಮಂಜು ಕಟ್ಟಿದೆ, ಹೊರಗೆ ಎಷ್ಟು ಒರೆಸಿದ್ರೂ ಅಷ್ಟೇ. ಅಕ್ಕಿ ಡಬ್ಬಿಲಿಡು, ನೀರು ಎಳ್ಕೊಳತ್ತೆ ಅಂದ್ರು ಅತ್ತೆ, ರಾತ್ರಿ ಇಟ್ಟೆ. ಮಂಜು ಹೋಗಿಲ್ಲ, ತೌಡು ಮಾತ್ರ ಜೂಮ್ ರಿಂಗಿಗೆ ಹೊಕ್ಕು ತಿರುಗಿಸಿದ್ರೆ ಕರಕರ ಅಂತಿದೆ. ಡಿಪಾಸಿಟ್ ಗೋವಿಂದ.

ಹಾಂ, ಇನ್ನೊಂದು ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ್ದು, ಅಲ್ಲಿಯವರು ಕೋಕೋ ಅಂತಾರೆ, ಅಡಿಕೆ ಮಧ್ಯ ಹಾಕೋ ಕೋಕೋ ಅಲ್ಲ. ಕಂದು ಮೈ, ಎದೇಲಿ ಕಪ್ಪು ಬಿಳಿ ಪಟ್ಟೆ, ಟಕಹೆ ಪಕ್ಕ ನಿಲ್ಸಿದ್ರೆ ಸಪ್ಪೆ. ಇದೂ ಹಾರಲ್ಲ. ವರ್ಷಪೂರ್ತಿ ಮರಿ ಮಾಡತ್ತೆ, ಆದ್ರೂ ಎರಡನೇ ಮಹಾಯುದ್ಧದ ಹೊತ್ತಿಗೆ ಸಾಮಾನಿನ ಜೊತೆ ಬಂದ ಕಂದು ಮರಹಾವು ದ್ವೀಪದ ಹಕ್ಕಿಗಳನ್ನ ಗುಡಿಸಿ ಹಾಕ್ತು. 80ರ ದಶಕದಲ್ಲಿ ಉಳಿದಿದ್ರಲ್ಲಿ 21 ಹಿಡಿದು ಸಾಕಿದ್ರು, ಅವುಗಳ ಸಂತಾನನೇ ಹತ್ತಿರದ ರೋಟಾ, ಕೋಕೋಸ್ ದ್ವೀಪಗಳಿಗೆ ಬಿಟ್ಟಿದ್ದು. 2019ರಲ್ಲಿ 'ಕಾಡಲ್ಲಿ ನಿರ್ನಾಮ' ಪಟ್ಟಿಯಿಂದ ಹೆಸರು ತೆಗೆದ್ರು, ಅಪಾಯದ ಪಟ್ಟೀಲಿ ಈಗ್ಲೂ ಇದೆ.

ಇಲ್ಲ, ಮಾತು ವಾಪಸ್. ಟಕಹೆಗೆ ಬಚ್ಚಿಟ್ಕೊಳ್ಳಕ್ಕೆ ಗುಡ್ಡ ಇತ್ತು. ಮರ ಹತ್ತೋ ಹಾವಿನ ಊರಲ್ಲಿ ಕೋಕೋ ಎಲ್ಲಿಗೆ ಹೋಗತ್ತೆ? ನನ್ ವೋಟ್ ಕೋಕೋಗೆ.

ಶ್... ಬಂತು ಬಂತು, ಬದು ದಾಟ್ತಿದೆ, ಹಿಂದೆ ಕರೀ ಮರಿ ಒಂದು, ಎರಡು, ಮೂರು... ಫೋಕಸ್ ಆಗೋ ಮಾರಾಯ! ಹೋಯ್ತು. ಈ ಮಜ್ಜಿಗೇಲಿ ಕಪ್ಪಗೆ ಓಡಿದ್ದು ಅವೇ, ನಂಬಿ.