ತೂತು ಬಿದ್ದ ಟಿಕೆಟ್ಟು

ಕೇಳುಗರಿಗೆ ನಮಸ್ಕಾರ.

ಹಳೇ ಡಬಲ್ ಡೆಕ್ಕರ್ ಬಸ್ಸನ್ನೇ ಕೊಂಡು ಮನೆ ಮುಂದೆ ನಿಲ್ಲಿಸಿಕೊಳ್ಳುವುದು ಎಲ್ಲರ ಕೈಲಾಗುವ ಮಾತಲ್ಲ, ಅಲ್ವಾ? ಅದಕ್ಕೇ ಈ ಹುಚ್ಚು ಹತ್ತಿದವರು ಬಸ್ಸಿನ ಚೂರುಪಾರುಗಳ ಬೆನ್ನು ಹತ್ತುತ್ತಾರೆ. ಟಿಕೆಟ್ಟು, ಕಂಡಕ್ಟರ್ ಬ್ಯಾಡ್ಜು, ಸ್ಟಾಪಿನ ಎನಾಮಲ್ ಬೋರ್ಡು (ತಗಡಿನ ಮೇಲೆ ಗಾಜಿನಂಥ ಬಣ್ಣವನ್ನು ಸುಟ್ಟು ಕೂರಿಸಿದ್ದು), ಹೀಗೆ.

ಇವರಲ್ಲಿ ಲಂಡನ್ ಬಸ್ಸಿನ ಮೋಹದವರೇ ಜಾಸ್ತಿ. ಅಲ್ಲಿನ ಜನರಲ್ ಆಮ್ನಿಬಸ್ ಕಂಪನಿ 1910ರಲ್ಲಿ ಬಿ-ಟೈಪ್ ಬಸ್ಸನ್ನು ರಸ್ತೆಗಿಳಿಸಿತು. ಕೆಳಗೆ 16 ಸೀಟು, ಮೇಲೆ 18. ಟೈರು ಗಟ್ಟಿ ರಬ್ಬರಿನದು. ಮೇಲೆ ಸೂರೇ ಇಲ್ಲ! ಮಳೆ ಬಂದರೆ ಸೀಟಿಗೆ ಸಿಕ್ಕಿಸಿದ್ದ ಟಾರ್ಪಾಲನ್ನು ತೊಡೆ ಮೇಲೆ ಎಳೆದುಕೊಂಡು ಕೂರಬೇಕು. ಮೊದಲನೇ ಮಹಾಯುದ್ಧದಲ್ಲಿ ಇಂಥ ಸುಮಾರು 900 ಬಸ್ಸುಗಳು ಸೈನಿಕರನ್ನು ಹೊತ್ತವು. ಲಂಡನ್ನಿನಲ್ಲಿ ಸೂರಿರುವ ಡಬಲ್ ಡೆಕ್ಕರ್‌ಗೆ ಪೊಲೀಸರು ಒಪ್ಪಿದ್ದು 1925ರಲ್ಲಿ.

ನನ್ನನ್ನು ಕೇಳಿದರೆ, ಶುರು ಮಾಡುವುದಕ್ಕೆ ಟಿಕೆಟ್ಟೇ ಸರಿ. ಬೆರಳುದ್ದದ ಬಣ್ಣದ ಚೀಟಿ. ಒಂದೊಂದು ದರಕ್ಕೆ ಒಂದೊಂದು ಬಣ್ಣ. ಎರಡೂ ಅಂಚಿನಲ್ಲಿ ಸ್ಟೇಜುಗಳ ಹೆಸರು. ಕಂಡಕ್ಟರ್ ಅದನ್ನು ಎದೆಗೆ ಕಟ್ಟಿಕೊಂಡ ಪಂಚ್‌ಗೆ ತೂರಿಸಿ ಒತ್ತುತ್ತಿದ್ದ. ಟಿಣ್ ಅಂತ ಗಂಟೆ ಹೊಡೆಯುತ್ತಿತ್ತು, ನೀವು ಇಳಿಯಬೇಕಾದ ಸ್ಟೇಜಿನ ಹತ್ತಿರ ತೂತು ಬೀಳುತ್ತಿತ್ತು. ಕತ್ತರಿಸಿದ ಚುಕ್ಕೆ ಮಾತ್ರ ಯಂತ್ರದ ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಲೆಕ್ಕದಲ್ಲಿ ಅನುಮಾನ ಬಂದರೆ ಆ ಬಣ್ಣದ ಚುಕ್ಕೆಗಳನ್ನೇ ಎಣಿಸಬಹುದಿತ್ತು. ಕಳ್ಳ ಕಂಡಕ್ಟರಿಗೆ ಒಳ್ಳೇ ಕಡಿವಾಣ!

ಕೆಲವರು ತೂತಿಲ್ಲದ, ಗರಿಗರಿ ಟಿಕೆಟ್ಟೇ ಬೇಕು ಅಂತಾರೆ. ನನಗೆ ಅದು ಸುಮ್ನೆ ಅಚ್ಚಾದ ಕಾಗದ. ತೂತು ಬಿದ್ದಿದ್ದರೆ ಯಾರೋ ಹತ್ತಿದ್ದರು, ಇಂಥ ಕಡೆವರೆಗೆ ದುಡ್ಡು ಕೊಟ್ಟಿದ್ದರು ಅಂತ ಗೊತ್ತಾಗುತ್ತದೆ. ಅಂಥದಕ್ಕೆ ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಬಿಸಿಲು ತಾಗದ ಕಡೆ ಇಡಿ, ಸಾಕು.

ಎನಾಮಲ್ ಬೋರ್ಡು ಕೊಳ್ಳುವಾಗ ಹುಷಾರು, ನಕಲು ಬಹಳ. ಮೊಳೆ ಹೊಡೆದ ತೂತಿನ ಸುತ್ತ ನೋಡಿ. ಬಣ್ಣಗಳು ಕೂಡುವ ಕಡೆ ಬೆರಳಾಡಿಸಿ. ಹಳೇ ಎನಾಮಲ್ ಪದರ ಪದರವಾಗಿ ಸುಟ್ಟದ್ದು, ಅಂಚು ಸಾಮಾನ್ಯವಾಗಿ ಕೈಗೆ ಸಿಗುತ್ತದೆ.

ಇನ್ನು ಬಸ್ಸಿನ ಮುಂದೆ ಊರಿನ ಹೆಸರು ತೋರಿಸುವ ಬಟ್ಟೆಯ ಸುರುಳಿ. ಬಿ-ಟೈಪ್ ಕಾಲದಲ್ಲಿ ಬರೀ ಹಲಗೆ, ಸುರುಳಿ ಬಂದದ್ದು ಆಮೇಲೆ. ಬಿಚ್ಚಿದರೆ ಗೋಡೆ ಸಾಲದು. ಅದಕ್ಕೆ ವ್ಯಾಪಾರಿಗಳು ಒಂದೊಂದು ಹೆಸರನ್ನೂ ಕತ್ತರಿಸಿ, ಫ್ರೇಮು ಹಾಕಿಸಿ ಮಾರುತ್ತಾರೆ. ಹಾಗೆ ಕತ್ತರಿಸಿದ್ದನ್ನು ನಾನಂತೂ ಕೊಳ್ಳುವುದಿಲ್ಲ. ಇಡೀ ಸುರುಳಿ ಸಿಕ್ಕರೆ, ಜಾಗ ಇಲ್ಲದಿದ್ದರೂ ತಂದು ಸುತ್ತಿ ಇಡುತ್ತೇನೆ. ಮನೆಯವರು ಬೈಯುತ್ತಾರೆ, ಬೈಯಲಿ ಬಿಡಿ.