ಸಂತಾಪ ಪತ್ರವನ್ನು ಎಐ ಕೈಗೆ ಕೊಡಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮ ಜೊತೆ ಕೆಲಸ ಮಾಡುವವರೊಬ್ಬರ ಮನೆಯಲ್ಲಿ ಸಾವಾಗಿದೆ ಅಂತಿಟ್ಟುಕೊಳ್ಳಿ. ಏನು ಬರೆಯಬೇಕೋ ತೋಚುವುದಿಲ್ಲ. ಎಐಗೆ ಒಂದು ಸಾಲು ಹೇಳಿದರೆ ಸಾಕು, ಒಂದೂ ತಪ್ಪಿಲ್ಲದ ಸಂತಾಪ ಪತ್ರ ರೆಡಿ. ಕಳಿಸಿಬಿಡೋಣ ಅನಿಸುತ್ತದೆ, ಅಲ್ವಾ? ದಯವಿಟ್ಟು ಬೇಡ. ನಾನು ಇವತ್ತು ಹೇಳಲು ಬಂದಿರುವುದು ಇದೊಂದೇ ಮಾತು: ಮನಸ್ಸಿಗೆ ಸಂಬಂಧಿಸಿದ್ದನ್ನು ನೀವೇ ಬರೆಯಿರಿ.

2023ರ ಫೆಬ್ರುವರಿಯಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗುಂಡಿನ ದಾಳಿ ನಡೆದು ಮೂವರು ವಿದ್ಯಾರ್ಥಿಗಳು ಸತ್ತರು. ಕೆಲವೇ ದಿನಗಳಲ್ಲಿ ಇನ್ನೊಂದು ರಾಜ್ಯದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪೀಬಾಡಿ ಕಾಲೇಜಿನಿಂದ ಆ ಕಾಲೇಜಿನ ವಿದ್ಯಾರ್ಥಿಗಳಿಗೆ ಈ ದಾಳಿಯ ಬಗ್ಗೆ ಒಂದು ಇಮೇಲ್ ಹೋಯಿತು. ಒಬ್ಬರಿಗೊಬ್ಬರು ಆಸರೆಯಾಗೋಣ, ಎಲ್ಲರನ್ನೂ ಒಳಗೊಳ್ಳೋಣ ಎಂಬ ಧಾಟಿಯ ಮಾತುಗಳು. ಒಳ್ಳೆಯ ಮಾತುಗಳೇ. ಆದರೆ ಕೊನೆಯಲ್ಲಿ ಪುಟ್ಟದೊಂದು ಸಾಲಿತ್ತು. ಇದು ಚಾಟ್‌ಜಿಪಿಟಿ ಎಂಬ ಎಐ ಬರೆದಿದ್ದನ್ನು ಆಧರಿಸಿದ್ದು ಅಂತ.

ಆ ಸಾಲು ಕಣ್ಣಿಗೆ ಬಿದ್ದದ್ದೇ ತಡ, ವಿದ್ಯಾರ್ಥಿಗಳು ಸಿಟ್ಟಾದರು. ಕಾಲೇಜಿನವರು ಕ್ಷಮೆ ಕೇಳಬೇಕಾಯಿತು.

ಸ್ವಲ್ಪ ಯೋಚನೆ ಮಾಡಿ. ಆ ಸಾಲು ಓದುವ ಮೊದಲು ಇದ್ದ ಪತ್ರವೇ ಓದಿದ ಮೇಲೂ ಇತ್ತು. ಒಂದಕ್ಷರ ಬದಲಾಗಿರಲಿಲ್ಲ. ಹೋಗಿದ್ದು ಏನು? ನಮಗಾಗಿ ಯಾರೋ ಒಬ್ಬರು ಕೂತು ಯೋಚಿಸಿದ್ದಾರೆ ಎಂಬ ನಂಬಿಕೆ. ಸಂತಾಪ ಪತ್ರದಲ್ಲಿ ಇರುವುದೇ ಅದು. ಉಳಿದದ್ದೆಲ್ಲ ಬರೀ ಅಕ್ಷರ.

ಆ ಸಾಲನ್ನು ಮುಚ್ಚಿಟ್ಟಿದ್ದರೆ ಗಲಾಟೆಯೇ ಆಗುತ್ತಿರಲಿಲ್ಲ ಅನ್ನುವವರಿದ್ದಾರೆ. ಈ ವಾದ ಕೇಳಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ನೊಂದವರಿಗೆ ಗೊತ್ತಾಗದಿದ್ದರೆ ಸಾಕು ಅಂತಲೇ? ಕಾಲೇಜಿನವರು ಕನಿಷ್ಠ ನಿಜ ಹೇಳಿದರು.

ಹಾಗಾದರೆ ಏನು ಬರೆಯಬೇಕು? ನಿಮಗೆ ಮಾತ್ರ ಗೊತ್ತಿರುವ ಒಂದು ಸಂಗತಿ. "ಊಟದ ಹೊತ್ತಿಗೆ ನಿಮ್ಮ ತಾಯಿಯ ಫೋನ್ ಬಂದರೆ ನೀವು ನಗುತ್ತಾ ಎದ್ದು ಹೋಗುತ್ತಿದ್ದದ್ದು ನನಗೆ ನೆನಪಿದೆ." ಇಷ್ಟು ಸಾಕು. ಪಕ್ಕದ ಕುರ್ಚಿಯಲ್ಲಿ ಕೂತು ಅದನ್ನು ನೋಡಿದವರು ನೀವು, ಎಐ ಅಲ್ಲ. ವ್ಯಾಕರಣ ತಪ್ಪಿದರೂ ಪರವಾಗಿಲ್ಲ, ನೀವೇ ಬರೆಯಿರಿ.

ಇಂಥದ್ದೇ ಇನ್ನೊಂದು ಉದಾಹರಣೆ ಒಂದು ಜಾಹೀರಾತು. ಅದರ ಬಗ್ಗೆ ಜಾಸ್ತಿ ಹೇಳಲು ಸಮಯ ಉಳಿದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿಗೆ ಗೂಗಲ್ ಜೆಮಿನಿ ಎಂಬ ತನ್ನ ಎಐಗಾಗಿ ಒಂದು ಜಾಹೀರಾತು ಬಿಟ್ಟಿತು. ಪುಟ್ಟ ಹುಡುಗಿಗೆ ಓಟಗಾರ್ತಿ ಸಿಡ್ನಿ ಮೆಕ್‌ಲಾಫ್ಲಿನ್ ಅಂದರೆ ಪ್ರಾಣ. ಆಕೆಗೆ ಮಗಳ ಪರವಾಗಿ ಪತ್ರ ಬರೆಯಲು ಅಪ್ಪ ಎಐ ಸಹಾಯ ಕೇಳುತ್ತಾನೆ. ನೋಡಿದವರಿಗೆ ಕಸಿವಿಸಿಯಾಯಿತು. ಟೀಕೆ ಹೆಚ್ಚಾಗಿ ಒಲಿಂಪಿಕ್ಸ್ ಪ್ರಸಾರದಿಂದ ಅದನ್ನು ತೆಗೆದರು. ಮಗುವಿನ ಸೊಟ್ಟ ಅಕ್ಷರಕ್ಕಿಂತ ಚೆಂದದ ಜಾಹೀರಾತು ಬೇಕಿತ್ತೇ?

ಮೀಟಿಂಗ್ ಟಿಪ್ಪಣಿ, ವೇಳಾಪಟ್ಟಿ, ಲೆಕ್ಕದ ವರದಿ, ಇವನ್ನೆಲ್ಲ ಎಐ ಧಾರಾಳವಾಗಿ ಬರೆಯಲಿ. ಸಂತಾಪ, ಕ್ಷಮೆ, ಮೆಚ್ಚುಗೆ ನಿಮ್ಮ ಕೆಲಸ. ಇನ್ನು ಒಬ್ಬರನ್ನು ಕೆಲಸದಿಂದ ತೆಗೆಯುವ ಸುದ್ದಿಯಂತೂ ಪತ್ರದಲ್ಲೇ ಬೇಡ. ಎದುರು ಕೂತು ಹೇಳಿ, ಅವರು ಏನಾದರೂ ಕೇಳಿದರೆ ಉತ್ತರ ಕೊಟ್ಟು ಆಮೇಲೆ ಏಳಿ.

ನಮಸ್ಕಾರ.